ತಿಮ್ಮಿಯ ಮದುವೆಗೆ ಯಾರ ಅಪ್ಪಣೆ ಬೇಕು?

(ಶಿಡ್ಲಘಟ್ಟದಲ್ಲಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಓದುಗರ ಕೂಟದ ಪರವಾಗಿ ಮಾಡಿದ ಭಾಷಣ)



ಗೂಡಿನ ದರ, ಕೂಲಿಯ ದರ, ಅಂಗಡಿಯ ಬಾಡಿಗೆ, ಇವುಗಳ ಮಾತು ಕೇಳಬಹುದೆಂದು ಬಂದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ನಾವು ಇಂದು ಮಾತನಾಡಲಿರುವುದು ಒಂದು ಕಾದಂಬರಿಯ ವಿಷಯ. ಅದೂ ಪ್ರೇಮದ ಕಾದಂಬರಿಯ ವಿಷಯ. ಇದನ್ನು ತಿಳಿಸಿದಾಗ ಗೌರಿಬಿದನೂರಿನ ಮಿಲ್ಲಿನಲ್ಲಿ ದುಡಿಯುವ ನಮ್ಮ ಹಿರಿಯ ಗೆಳೆಯರೊಬ್ಬರು, “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೆ?” ಎಂದು ನಕ್ಕರು. ಆ ನಗುವಿಗೆ ಉತ್ತರ ಕೊಡುವುದೇ ಈ ಭಾಷಣದ ಉದ್ದೇಶ. ಹಿಟ್ಟಿನ ಪ್ರಶ್ನೆಗೂ ಹೂವಿನ ಪ್ರಶ್ನೆಗೂ ಬೇರು ಒಂದೇ ಎಂಬುದು ಈ ಪುಸ್ತಕ ಓದಿದ ಮೇಲೆ ನಮಗೆ ಮನವರಿಕೆಯಾಗಿದೆ.

ಪುಸ್ತಕದ ಹೆಸರು ‘ಮಲೆಗಳಲ್ಲಿ ಮದುಮಗಳು’. ಬರೆದವರು ಕುವೆಂಪು. ಪ್ರಕಟವಾದದ್ದು 1967ರಲ್ಲಿ. ಆಗ ಅವರು ಅರವತ್ತು ದಾಟಿದ್ದರು. ಮೊದಲ ಕಾದಂಬರಿ ‘ಕಾನೂರು ಹೆಗ್ಗಡಿತಿ’ ಬಂದದ್ದು 1936ರಲ್ಲಿ. ಎರಡನೆಯದು ಬರುವ ಹೊತ್ತಿಗೆ ಮೂವತ್ತು ವರ್ಷ ಕಳೆದಿತ್ತು. ತರುಣ ತರುಣಿಯರು ಒಬ್ಬರನ್ನೊಬ್ಬರು ಮೆಚ್ಚಿ ಓಡಿಹೋಗುವ ಕಥೆಯನ್ನು ಅಷ್ಟು ವಯಸ್ಸಾದ ಹಿರಿಯರೊಬ್ಬರು ಅಷ್ಟು ಗೌರವದಿಂದ ಬರೆದರು ಎಂಬುದೇ ನಮ್ಮ ಊರುಗಳ ಹಿರಿಯರು ಯೋಚಿಸಬೇಕಾದ ಸಂಗತಿ.

ನಮ್ಮ ಕೂಟದ ಕೈಗೆ ಇದು ಬಂದದ್ದು ನಾಟಕದ ಮೂಲಕ. 2010ರಲ್ಲಿ ಮೈಸೂರಿನಲ್ಲಿಯೂ, ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲಿಯೂ ಇದನ್ನು ಇಡೀ ರಾತ್ರಿಯ ನಾಟಕವಾಗಿ ಆಡಿದರು. ನಿರ್ದೇಶಕರು ಸಿ. ಬಸವಲಿಂಗಯ್ಯನವರು, ಸಂಗೀತ ಹಂಸಲೇಖ ಅವರದು, ಕಾದಂಬರಿಯನ್ನು ರಂಗಕ್ಕೆ ಅಳವಡಿಸಿದವರು ನಮ್ಮ ನೆರೆಯ ಕೋಲಾರ ಜಿಲ್ಲೆಯ ಕೆ. ವೈ. ನಾರಾಯಣಸ್ವಾಮಿಯವರು. ಕಲಾಗ್ರಾಮದಲ್ಲಿ ಅದನ್ನು ನೋಡಿದ ನಮ್ಮ ಇಬ್ಬರು ಗೆಳೆಯರು ಬೆಳಗಿನ ಬಸ್ಸಿಗೆ ಚಿಕ್ಕಬಳ್ಳಾಪುರಕ್ಕೆ ಬಂದಿಳಿದವರೇ, “ಇದನ್ನು ಓದಲೇಬೇಕು” ಎಂದರು.

ಆದರೆ ಓದುವುದು ಸುಲಭವಾಗಿತ್ತೆ? ಆರೇಳು ನೂರು ಪುಟಗಳ ಪುಸ್ತಕ. ನಮ್ಮ ಕೂಟದಲ್ಲಿ ಅರ್ಧಕ್ಕರ್ಧ ಮಂದಿಯ ಮನೆಮಾತು ತೆಲುಗು; ಕೆಲವರದು ಉರ್ದು. ಕನ್ನಡದವರದೂ ಬಯಲುಸೀಮೆಯ ಕನ್ನಡ. ಪುಸ್ತಕದಲ್ಲಿ ಮಲೆನಾಡಿನ ಮಾತು, ಮಲೆನಾಡಿನ ಗಿಡಮರ, ಕಾಲಿಗೆ ಹತ್ತುವ ಉಂಬಳ, ನಿಲ್ಲದ ಮಳೆ. ಸಾವಿರ ಅಡಿ ಕೊರೆಸಿದರೂ ನೀರು ಕಾಣದ ಸೀಮೆಯವರಾದ ನಮಗೆ ಆ ಮಳೆಯೇ ಒಂದು ಆಶ್ಚರ್ಯ. ವಾರದ ರಜೆಯ ದಿನ ಒಬ್ಬರು ಓದುವುದು, ಉಳಿದವರು ಕೇಳುವುದು, ತಿಳಿಯದ ಕಡೆ ತೆಲುಗಿನಲ್ಲಿ ಬಿಡಿಸಿ ಹೇಳುವುದು. ಹೀಗೆ ಮುಂಗಾರಿನಲ್ಲಿ ಹಿಡಿದ ಪುಸ್ತಕ ದೀಪಾವಳಿ ಕಳೆದ ಮೇಲೆ ಮುಗಿಯಿತು.

ನಮ್ಮ ಊರುಗಳಲ್ಲಿ ಪ್ರೇಮಕಥೆ ಎಂದರೆ ಜನದ ಬಾಯಿಗೆ ಮೊದಲು ಬರುವ ಹೆಸರು ದೇವದಾಸ. ಶರತ್‌ಚಂದ್ರರ ಕಾದಂಬರಿ 1917ರದು. 1953ರಲ್ಲಿ ತೆಲುಗಿನ ಸಿನೆಮಾ ಬಂತು. ನಾಗೇಶ್ವರರಾವ್ ಅವರ ಕೆಮ್ಮು ಚಿಂತಾಮಣಿಯ ನಮ್ಮ ಹಿರಿಯರಿಗೆ ಇವತ್ತಿಗೂ ಕೇಳಿಸುತ್ತದೆ. ನಾವೂ ಅತ್ತವರೇ. ಆದರೆ ಒಂದು ಮಾತು ಕೇಳಬೇಕು. ದೇವದಾಸನು ಜಮೀನ್ದಾರರ ಮಗ. ಪ್ರೇಮ ಕೈಗೂಡದಾಗ ಕುಡಿದು ಸಾಯುವುದಕ್ಕೂ ಕೈಯಲ್ಲಿ ದುಡ್ಡು ಬೇಕು, ದುಡಿಯದೆ ಕಳೆಯುವ ದಿನಗಳು ಬೇಕು. ಬೆಳಗಾದರೆ ಕೆಲಸಕ್ಕೆ ಹೋಗಬೇಕಾದವನು ಹಾಗೆ ಸಾಯಲಾರ. ಅವನ ಪ್ರೇಮ ಹೇಗಿರುತ್ತದೆ? ಅದಕ್ಕೆ ಅಡ್ಡ ಬರುವವರು ಯಾರು? ಕುವೆಂಪು ಅವರ ಕಾದಂಬರಿ ಈ ಪ್ರಶ್ನೆಯನ್ನು ಎತ್ತಿಕೊಂಡಿದೆ. ದೊಡ್ಡವರು, ಚಿಕ್ಕವರೆಂಬ ಭೇದವನ್ನು ತಾವು ಒಪ್ಪುವುದಿಲ್ಲವೆಂದು ಪುಸ್ತಕದ ಬಾಗಿಲಲ್ಲೇ ಅವರು ತಿಳಿಸಿದ್ದಾರೆ. ಹಾಗೆಯೇ ನಡೆದುಕೊಂಡೂ ಇದ್ದಾರೆ.

ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ತೀರ್ಥಹಳ್ಳಿಯ ಸುತ್ತಿನ ಕಾಡುಗಳಲ್ಲಿ. ಸಿಂಬಾವಿಯ ಭರಮೈಹೆಗ್ಗಡೆಯ ಬಳಿ ಜೀತದಾಳು ಗುತ್ತಿ. ಹುಲಿಯ ಎಂಬ ನಾಯಿ ಅವನ ಬೆನ್ನು ಬಿಡುವುದಿಲ್ಲ. ಆದುದರಿಂದ ಜನ ಅವನನ್ನು ನಾಯಿಗುತ್ತಿ ಎಂದು ಕರೆಯುತ್ತಾರೆ. ಅವನಿಗೆ ತಿಮ್ಮಿಯ ಮೇಲೆ ಮನಸ್ಸು. ತಿಮ್ಮಿಯೂ ದಲಿತರ ಹುಡುಗಿಯೇ. ಜಾತಿಯ ಅಡ್ಡಿಯಿಲ್ಲ, ವಯಸ್ಸಿನ ಅಡ್ಡಿಯಿಲ್ಲ. ಅಡ್ಡಿ ಒಂದೇ: ತಿಮ್ಮಿಯ ಮನೆಯವರು ಬೆಟ್ಟಳ್ಳಿ ಗೌಡರ ಆಳುಗಳು. ತಿಮ್ಮಿಯನ್ನು ತಮ್ಮ ಕೇರಿಯ ಬಚ್ಚನಿಗೇ ಕೊಡಬೇಕೆಂದು ಗೌಡರ ತೀರ್ಮಾನ.

ಬಂಧುಗಳೇ, ಗೌಡರಿಗೆ ಆ ಮದುವೆಯಲ್ಲಿ ಅಷ್ಟು ಆಸಕ್ತಿ ಏಕೆ? ಚಿಂತಾಮಣಿಯ ಮಂಡಿಯಲ್ಲಿ ಲೆಕ್ಕ ಬರೆಯುವ ನಮ್ಮ ಗೆಳೆಯರೊಬ್ಬರು ಇದನ್ನು ಲೆಕ್ಕದ ಭಾಷೆಯಲ್ಲೇ ಹೇಳಿದರು: “ಹೆಣ್ಣು ಬೇರೆ ಒಡೆಯನ ಕೇರಿಗೆ ಹೋದರೆ ಈ ಖಾತೆಯಿಂದ ಎರಡು ಕೈ ಖರ್ಚು, ಮುಂದೆ ಹುಟ್ಟುವ ಮಕ್ಕಳೂ ಖರ್ಚು. ಆ ಖಾತೆಗೆ ಅಷ್ಟೂ ಜಮಾ.” ದನ ಬೇರೆ ಹಟ್ಟಿಗೆ ಹೋಗದಂತೆ ಕಟ್ಟಿಹಾಕುವ ಹಾಗೆ ಆಳಿನ ಮಗಳ ಮದುವೆಯನ್ನು ಕಟ್ಟಿಹಾಕುವುದು. ಗುತ್ತಿ ರಾತ್ರಿಯ ಹೊತ್ತು ತಿಮ್ಮಿಯನ್ನು ಕರೆದುಕೊಂಡು ಕಾಡಿಗೆ ನಡೆದಾಗ ಅವನು ಹೆಣ್ಣನ್ನು ಹಾರಿಸಿಕೊಂಡು ಹೋದ ಎಂದು ಊರು ಹೇಳುತ್ತದೆ. ನಮ್ಮ ದೃಷ್ಟಿಯಲ್ಲಿ ಇಬ್ಬರು ಆಳುಗಳು ತಮ್ಮ ಬಾಳಿನ ಒಂದು ವಿಷಯವನ್ನು, ಒಂದೇ ಒಂದು ವಿಷಯವನ್ನು, ತಾವೇ ತೀರ್ಮಾನಿಸಿದರು.

ಈ ಭಾಗವನ್ನು ಓದಿದ ದಿನ ಫಿಲೇಚರಿನಲ್ಲಿ ನೂಲು ತೆಗೆಯುವ ಒಬ್ಬ ಹುಡುಗಿ ನಮ್ಮ ನಡುವೆ ಕುಳಿತಿದ್ದಳು. ಹೆಸರು ಬೇಡ. ಓದು ನಿಂತಾಗ ಅವಳು ಕೇಳಿದಳು: “ತಿಮ್ಮಿ ಮೇಲೆ ಎಷ್ಟು ಅಡ್ವಾನ್ಸು ಇತ್ತಣ್ಣಾ?”

ಯಾರೂ ನಗಲಿಲ್ಲ. ಅಡ್ವಾನ್ಸು ಎಂದರೇನೆಂದು ಶಿಡ್ಲಘಟ್ಟದವರಿಗೆ ಹೇಳಿಕೊಡಬೇಕಾಗಿಲ್ಲ. ತಿಮ್ಮಿಯ ಕಾಲದಲ್ಲಿ ಅಡ್ವಾನ್ಸು ಬೇಕಿರಲಿಲ್ಲ, ಆ ಕೇರಿಯಲ್ಲಿ ಹುಟ್ಟಿದ್ದೇ ಸಾಕಾಗಿತ್ತು ಎಂದು ನಾವು ವಿವರಿಸಿದೆವು. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಅಂಗಾದ್ರೆ ನನ್ನದೇ ವಾಸಿ ಬಿಡಣ್ಣಾ, ಬರೆದಾದ್ರೂ ಮಡಗವ್ರೆ” ಎಂದಳು.

ಅವಳ ಸಂಗತಿ ನಮಗೆ ಮೊದಲೇ ಗೊತ್ತಿತ್ತು. ಅವಳ ಅಕ್ಕನ ಮದುವೆಗೆಂದು ತಂದೆ ಫಿಲೇಚರಿನ ಮಾಲೀಕರೊಬ್ಬರಿಂದ ಅಡ್ವಾನ್ಸು ತೆಗೆದಿದ್ದರು. ಅದನ್ನು ತೀರಿಸಲು ದುಡಿಯುತ್ತಿರುವವಳು ಇವಳು. ವಾರದ ಕೂಲಿಯಲ್ಲಿ ಒಂದಿಷ್ಟು ಹಿಡಿದುಕೊಳ್ಳುವುದು. ಹಬ್ಬಕ್ಕೋ ಆಸ್ಪತ್ರೆಗೋ ಮತ್ತೊಂದಿಷ್ಟು ಸೇರುವುದು. ಲೆಕ್ಕ ಮುಂದಕ್ಕೆ ಹೋಗುತ್ತಲೇ ಇರುವುದು. ಹುರಿ ಮಾಡುವ ಮಿಷನ್ನಿನಲ್ಲಿ ಕೆಲಸ ಮಾಡುವ ಬೇರೆ ಜಾತಿಯ ಹುಡುಗನೊಬ್ಬನನ್ನು ಅವಳು ಮೆಚ್ಚಿದ್ದಾಳೆ. ಅವನೂ ಮೆಚ್ಚಿದ್ದಾನೆ. ತಾಯಿತಂದೆಗಳು ಮೊದಲು ಸಿಟ್ಟಾದರು, ಆಮೇಲೆ ಮೆತ್ತಗಾದರು. ಆದರೆ ಮಾಲೀಕರದು ಒಂದೇ ಮಾತು: “ಲೆಕ್ಕ ಚುಕ್ತಾ ಮಾಡಿ ಎಲ್ಲಿಗೆ ಬೇಕಾದರೂ ಹೋಗಲಿ.”

ಇಲ್ಲಿ ನಮ್ಮ ತಪ್ಪನ್ನು ನಾವು ಒಪ್ಪಿಕೊಳ್ಳಬೇಕು. ಹಿಂದಿನ ವರ್ಷ ಆ ಹುಡುಗಿಯ ತಾಯಿ ನಮ್ಮಲ್ಲಿ ಕೆಲವರ ಬಳಿ ಸಲಹೆ ಕೇಳಲು ಬಂದಿದ್ದರು. ನಾವು, ಕೂಲಿಗಾರರ ಹಿತೈಷಿಗಳೆಂದು ಹೇಳಿಕೊಳ್ಳುವವರು, “ಸಾಲ ತೀರಲಿ ತಾಳಮ್ಮ, ಮದುವೆಗೇನು ಅವಸರ” ಎಂದು ಹೇಳಿ ಕಳುಹಿಸಿದ್ದೆವು. ಬೆಟ್ಟಳ್ಳಿಯ ಗೌಡರು ಹೇಳಬಹುದಾಗಿದ್ದ ಮಾತನ್ನೇ ನಾವು ಮೆತ್ತಗೆ ಹೇಳಿದ್ದೆವು. ಕಾದಂಬರಿ ಓದುವವರೆಗೆ ಅದು ನಮಗೆ ಹೊಳೆದಿರಲಿಲ್ಲ. ಕೂಲಿಯ ಪ್ರಶ್ನೆ ಬೇರೆ, ಮದುವೆಯ ಪ್ರಶ್ನೆ ಬೇರೆ. ಮೊದಲನೆಯದು ನಮ್ಮದು, ಎರಡನೆಯದು ಮನೆಯವರದು ಎಂದು ನಾವು ಭಾಗ ಹಾಕಿಕೊಂಡಿದ್ದೆವು. ಮಾಲೀಕ ಮಾತ್ರ ಹಾಗೆ ಭಾಗ ಹಾಕಿರಲಿಲ್ಲ!

ಕಾನೂನು ಏನು ಹೇಳುತ್ತದೆ? ಜೀತ ಪದ್ಧತಿಯನ್ನು ರದ್ದು ಮಾಡಿದ ಕಾಯಿದೆ 1976ರದು. ಸಾಲದ ಹೆಸರಿನಲ್ಲಿ ಆಳನ್ನು ಹಿಡಿದಿಟ್ಟುಕೊಂಡರೆ ಅದು ಜೀತ. ಆ ಸಾಲವೇ ರದ್ದಾಗುತ್ತದೆ. ವಸೂಲು ಮಾಡಲು ಹೋಗುವುದೂ ಅಪರಾಧ. ಜೀತವನ್ನು ಗುರುತಿಸಿ ಬಿಡುಗಡೆ ಮಾಡಿಸುವ ಹೊಣೆ ಜಿಲ್ಲಾಧಿಕಾರಿಗಳದು, ಉಪವಿಭಾಗಾಧಿಕಾರಿಗಳದು. ಈಗ ನಾವು ಆ ಹುಡುಗಿಯ ಜೊತೆ ಹೋಗಿ ಅರ್ಜಿ ಕೊಟ್ಟಿದ್ದೇವೆ. ಒಂದು ವರ್ಷ ಮೊದಲೇ ಮಾಡಬೇಕಾಗಿದ್ದ ಕೆಲಸ.

ಇನ್ನು ಕಾದಂಬರಿಯ ಮತ್ತೊಂದು ಎಳೆಗೆ ಬರೋಣ. ಹೂವಳ್ಳಿಯ ಚಿನ್ನಮ್ಮ ಒಕ್ಕಲಿಗರ ಮನೆಯ ಹುಡುಗಿ. ಅವಳ ಮನಸ್ಸು ಕೋಣೂರಿನ ಮುಕುಂದಯ್ಯನ ಮೇಲೆ. ಹಿರಿಯರು ಗೊತ್ತು ಮಾಡಿದ ಗಂಡು ಮಾತ್ರ ಸಿಂಬಾವಿಯ ಭರಮೈಹೆಗ್ಗಡೆ, ಮನೆಯಲ್ಲಿ ಆಗಲೇ ಹೆಂಡತಿ ಇರುವವನು. ಗುತ್ತಿಯ ಒಡೆಯ ಅವನೇ ಎಂಬುದನ್ನು ಗಮನಿಸಿರಿ. ಕೇರಿಯ ಹೆಣ್ಣಿಗೂ ಚೌಕಿಮನೆಯ ಹೆಣ್ಣಿಗೂ ಕೇಳುವವರಿಲ್ಲ. ಹಣವಿದ್ದ ಮನೆಯಲ್ಲಿ ಹುಟ್ಟಿದರೂ ಹೆಣ್ಣು ತನ್ನ ಮದುವೆಯ ಮಟ್ಟಿಗೆ ಆಳೇ.

ಚಿನ್ನಮ್ಮ ಮದುವೆಯ ಮುಂಚೆ ಮನೆ ಬಿಟ್ಟು ಹೊರಡುತ್ತಾಳೆ. ಕತ್ತಲೆಯಲ್ಲಿ ಹುಲಿಕಲ್ಲಿನ ಬೆಟ್ಟ ಹತ್ತುತ್ತಾಳೆ. ಅವಳಿಗೆ ಜೊತೆಯಾದವಳು ಯಾರು? ಬಂಧುಬಳಗದ ಹೆಂಗಸಲ್ಲ, ಘಟ್ಟದ ಕೆಳಗಿನಿಂದ ಹೊಟ್ಟೆಪಾಡಿಗೆ ಬಂದ ಕೂಲಿಯವಳು ಪೀಂಚಲು. ಪೀಂಚಲುವಿಗೂ ಅವಳ ಗಂಡ ಐತನಿಗೂ ಎದೆಯ ತುಂಬ ಪ್ರೀತಿ. ಅದರ ಹೊರತು ಅವರ ಬಿಡಾರದಲ್ಲಿ ಹೇಳಿಕೊಳ್ಳುವಂಥ ಆಸ್ತಿಯಿಲ್ಲ. ತಮ್ಮ ಬಾಳಿನಲ್ಲಿ ಪ್ರೀತಿಯ ರುಚಿ ಕಂಡವರು ಇನ್ನೊಬ್ಬರ ಪ್ರೀತಿಗಾಗಿ ಅಪಾಯವನ್ನು ತಲೆಯ ಮೇಲೆ ಹಾಕಿಕೊಂಡರು. ನಮ್ಮ ಕೂಟದ ಹೆಂಗಸರೆಲ್ಲರೂ ಈ ಪುಸ್ತಕದಲ್ಲಿ ಬಹಳ ಮೆಚ್ಚಿದ್ದು ಪೀಂಚಲುವನ್ನೇ. “ನಾಯಕಿ ಯಾರಾದರೂ ಆಗಿರಲಿ, ಧೈರ್ಯ ಅವಳದು” ಎಂದರು.

ಆದರೆ ಬಡವರೆಲ್ಲರೂ ಒಳ್ಳೆಯವರೆಂದು ಕುವೆಂಪು ಬರೆದಿಲ್ಲ. ಅದೇ ಕೂಲಿಯವರಲ್ಲಿ ಚೀಂಕ್ರನೂ ಇದ್ದಾನೆ. ಅವನ ಹೆಂಡತಿ ದೇಯಿ ಅವನ ಕಾಟಕ್ಕೆ ಬಲಿಯಾಗುತ್ತಾಳೆ. ಈ ಭಾಗವನ್ನು ಓದುವಾಗ ನಮ್ಮ ಗಂಡಸರು ತಲೆ ತಗ್ಗಿಸಿದ್ದನ್ನು ನಾವು ಕಂಡಿದ್ದೇವೆ. ಮಿಲ್ಲಿನ ಬಾಗಿಲಲ್ಲಿ ನಿಂತು ಹಕ್ಕಿನ ಮಾತನಾಡಿ, ಸಂಬಳದ ದಿನ ಕುಡಿದು ಹೋಗಿ ಮನೆಯಲ್ಲಿ ಕೈಯೆತ್ತುವವರು ನಮ್ಮಲ್ಲಿ ಇಲ್ಲವೆ? ಒಡೆಯನ ಕೆಳಗೆ ಆಳಾಗಿ, ಮನೆಗೆ ಬಂದು ತಾನೇ ಒಡೆಯನಾಗುವುದು ಎಂಥ ನ್ಯಾಯ? ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟಕ್ಕಾಗಿ ಗುಂಡಿಗೆ ಎದೆಗೊಟ್ಟವರ ನಾಡು ನಮ್ಮದು ಎಂದು ಹೆಮ್ಮೆ ಪಡುತ್ತೇವೆ. ಹೆಮ್ಮೆ ಸರಿಯಾದುದೇ. ಆ ಸ್ವಾತಂತ್ರ್ಯ ನಮ್ಮ ಅಡುಗೆಮನೆಯವರೆಗೆ ಬಂದಿದೆಯೆ ಎಂದೂ ಕೇಳಿಕೊಳ್ಳಬೇಕು.

ಈಗ ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ಮದುವೆಯ ಸಾಲದ ವಿಷಯ ಬಂದಾಗ ನಮ್ಮ ಕೂಟದಲ್ಲೇ ಇರುವ ಚಿಕ್ಕಬಳ್ಳಾಪುರದ ಬಟ್ಟೆ ಅಂಗಡಿಯವರೊಬ್ಬರು ನೇರವಾಗಿ ಕೇಳಿದರು: “ಎಲ್ಲರೂ ಸರಳವಾಗಿ ಮದುವೆಯಾದರೆ ನಮ್ಮ ಅಂಗಡಿಯ ಗತಿಯೇನು? ವರ್ಷದ ವ್ಯಾಪಾರವೆಲ್ಲ ಮದುವೆಯ ತಿಂಗಳುಗಳಲ್ಲೇ.” ನ್ಯಾಯವಾದ ಪ್ರಶ್ನೆ. ಉತ್ತರವನ್ನೂ ಅವರೇ ತಮ್ಮ ಖಾತೆ ಪುಸ್ತಕ ತೆಗೆದು ಹುಡುಕಿದರು. ಮದುವೆಗೆಂದು ಕಡ ಕೊಟ್ಟ ಬಟ್ಟೆಯ ಬಾಕಿ ವರ್ಷಗಟ್ಟಲೆ ನಿಂತಿತ್ತು. ಸಾಲದಲ್ಲಿ ಮುಳುಗಿದ ಗಿರಾಕಿ ಬಾಕಿ ಇರುವ ಅಂಗಡಿಯ ಬೀದಿಯಲ್ಲಿ ಓಡಾಡುವುದನ್ನೇ ಬಿಡುತ್ತಾನೆ. ಅಲ್ಲದೆ ಅವರಿಗೂ ಇಬ್ಬರು ಹೆಣ್ಣುಮಕ್ಕಳು. ಮಗಳ ಮದುವೆಗೆ ಅಂಗಡಿಯ ಬಂಡವಾಳವನ್ನೇ ಕರಗಿಸಿದ ವ್ಯಾಪಾರಿಗಳನ್ನು ನಾಲ್ಕು ಊರುಗಳಲ್ಲೂ ತೋರಿಸಬಹುದು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಕೈಯಲ್ಲಿ ಕಾಸು ಉಳಿದ ಗಿರಾಕಿ ವರ್ಷವಿಡೀ ಬರುತ್ತಾನೆ. ಸಾಲಗಾರನಾದ ಗಿರಾಕಿ ಒಮ್ಮೆ ಬಂದು ಮಾಯವಾಗುತ್ತಾನೆ.

ಇನ್ನೊಂದು ವಿಚಿತ್ರವನ್ನೂ ನೋಡಿರಿ. ನಮ್ಮ ಸೀಮೆಯ ಗೂಡಿನಿಂದ ತೆಗೆದ ನೂಲು ಎಷ್ಟೋ ಊರುಗಳ ಮದುಮಕ್ಕಳ ಸೀರೆಯಾಗುತ್ತದೆ. ಕುದಿನೀರಿನಲ್ಲಿ ಬೆರಳಾಡಿಸಿ ಆ ಎಳೆಯನ್ನು ಎಳೆಯುವ ಹುಡುಗಿಯ ಮದುವೆ ಮಾತ್ರ ಮಾಲೀಕನ ಪುಸ್ತಕದಲ್ಲಿ ಅಡವಿದೆ. ಮದುಮಗಳು ಎಂಬ ಮಾತನ್ನು ಪುಸ್ತಕದ ಬೆನ್ನಿನ ಮೇಲೆ ಓದುವಾಗಲೆಲ್ಲ ನಮಗೆ ಆ ಬೆರಳುಗಳ ನೆನಪಾಗುತ್ತಿತ್ತು.

ಕುವೆಂಪು ಅವರು ಬರೆದು ಸುಮ್ಮನಾದವರಲ್ಲ. ಈ ಕಾದಂಬರಿ ಪ್ರಕಟವಾಗುವ ಹಿಂದಿನ ವರ್ಷ, 1966ರಲ್ಲಿ, ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ‘ಮಂತ್ರಮಾಂಗಲ್ಯ’ದ ಕ್ರಮದಲ್ಲಿ ನಡೆಸಿದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ದುಂದುವೆಚ್ಚವಿಲ್ಲ. ಗಂಡುಹೆಣ್ಣು ಇಬ್ಬರೂ ಸಮಾನರೆಂದು ಹಿತೈಷಿಗಳ ಎದುರು ಒಪ್ಪಿಕೊಳ್ಳುವುದು. ಆ ಕ್ರಮದಲ್ಲಿ ಮದುವೆಯಾದವರು ಕರ್ನಾಟಕದಲ್ಲಿ ಅಂದಿನಿಂದ ಬಹಳ ಮಂದಿ ಇದ್ದಾರೆ. ಪುಸ್ತಕದಲ್ಲಿ ತಿಮ್ಮಿಗೆ ಕೊಟ್ಟ ಹಕ್ಕನ್ನು ಮನೆಯಲ್ಲಿ ಮಕ್ಕಳಿಗೂ ಕೊಟ್ಟರು ಎಂಬುದು ನಮಗೆ ದೊಡ್ಡದಾಗಿ ಕಂಡಿತು.

ಪುಸ್ತಕದ ಬಗ್ಗೆ ನಮಗೆ ತಕರಾರೇ ಇಲ್ಲವೆ? ಇದೆ. ಅಲ್ಲಿ ಓಡಿಹೋದವರಿಗೆ ಕಾಡು ಆಸರೆ ಕೊಡುತ್ತದೆ. ನಮ್ಮ ನಂದಿಯ ಬೆಟ್ಟಸಾಲಿನಲ್ಲಿ ಯಾರು ಎಷ್ಟು ದಿನ ಅಡಗಿರಬಹುದು? ನಮ್ಮ ಹುಡುಗ ಹುಡುಗಿಯರು ಓಡಿದರೆ ಬೆಂಗಳೂರಿನ ಬಸ್ಸು ಹತ್ತಬೇಕು. ಗುರುತಿಲ್ಲದ ಬೀದಿಯಲ್ಲಿ ಒಂದು ಕೋಣೆ ಹಿಡಿಯಬೇಕು. ಕೆಲಸ ಹೋಯಿತು, ತವರು ಹೋಯಿತು, ಬಾಣಂತನಕ್ಕೆ ಬರುವ ತಾಯಿ ಇಲ್ಲವಾದಳು. ಓಡಿಹೋಗುವುದನ್ನು ಸಿನೆಮಾದ ಹಾಗೆ ಹೊಗಳುವವರಿಗೆ ಈ ಖರ್ಚಿನ ಲೆಕ್ಕ ತಿಳಿಯದು.

ಕುವೆಂಪು ಅವರಿಗೆ ತಿಳಿದಿತ್ತು ಎಂಬುದಕ್ಕೆ ಕಾದಂಬರಿಯ ಕೊನೆಯೇ ಸಾಕ್ಷಿ. ಗುತ್ತಿಯೂ ತಿಮ್ಮಿಯೂ ಊರು ಬಿಟ್ಟು, ತುಂಬಿ ಹರಿಯುವ ತುಂಗೆಯನ್ನು ದಾಟಬೇಕಾಗುತ್ತದೆ. ಮೊದಲ ಪುಟಗಳಿಂದ ಜೊತೆಗಿದ್ದ ಹುಲಿಯ ಆ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ಒಡೆಯರ ಮನೆಯ ಜೋಡಿಗೆ ಮನೆಯೇ ಇದೆ. ಆಳುಗಳ ಜೋಡಿಗೆ ಹೊಳೆ ದಾಟುವುದೇ ಗತಿ. ಆ ಪುಟ ಓದಿ ಮುಗಿಸಿದಾಗ ನಮ್ಮ ನಡುವೆ ಬಹಳ ಹೊತ್ತು ಮಾತಿರಲಿಲ್ಲ. ಒಬ್ಬ ಮುದುಕರು ಮಾತ್ರ, “ನಾಯಿಗೂ ಜಾಗ ಇರಬೇಕಿತ್ತು ದೋಣಿಯಲ್ಲಿ” ಎಂದರು.

ಅವರ ಮಾತನ್ನೇ ಹಿಡಿದು ಮುಗಿಸುತ್ತೇವೆ. ದೋಣಿಯಲ್ಲಿ ಜಾಗ ಮಾಡಿಕೊಡುವುದು ದಡದಲ್ಲಿರುವ ನಮ್ಮ ಕೆಲಸ. ಪ್ರೇಮಿಸಿದವರು ಓಡಿಹೋಗಬೇಕಾಗದಂಥ ಊರನ್ನು ಮಾಡುವುದು ಯಾವ ಕವಿಯಿಂದಲೂ ಆಗದು. ಕೂಲಿಯವರಿಂದ, ಅಂಗಡಿಯವರಿಂದ, ನೆರೆಹೊರೆಯವರಿಂದ ಆಗಬೇಕು. ಅದಕ್ಕೆ ನಾವು ಮೂರು ಮಾತುಗಳನ್ನು ನಿಮ್ಮ ಮುಂದಿಡುತ್ತೇವೆ.

ಒಂದು: ಮಗಳ ದುಡಿಮೆಯ ಮೇಲೆ ಯಾರೂ ಅಡ್ವಾನ್ಸು ತೆಗೆಯಕೂಡದು. ಅವಳ ಕೂಲಿ ಅವಳ ಕೈಗೆ ಬರಬೇಕು. ಕೂಲಿ ಕೈಯಲ್ಲಿರುವ ಹುಡುಗಿಗೆ ಬೇಡವೆಂದು ಹೇಳುವ ಬಾಯಿ ಬರುತ್ತದೆ.

ಎರಡು: ಮದುವೆಗಾಗಿ ಸಾಲ ಮಾಡುವುದನ್ನು ಮರ್ಯಾದೆ ಎಂದು ಕರೆಯುವುದನ್ನು ಬಿಡೋಣ. ಸಾಲ ಮಾಡದೆ ಮದುವೆ ಮಾಡಿದವರ ಮನೆಗೆ ನಾವೇ ಮೊದಲು ಊಟಕ್ಕೆ ಹೋಗೋಣ.

ಮೂರು: ಜಾತಿ ಮತ ಯಾವುದಾದರೂ ಆಗಿರಲಿ, ಹದಿನೆಂಟು ತುಂಬಿದ ಹೆಣ್ಣೂ ಇಪ್ಪತ್ತೊಂದು ತುಂಬಿದ ಗಂಡೂ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ದಾರಿಯಿದೆ. ವಿವಾಹಾಧಿಕಾರಿಗಳ ಕಚೇರಿಯಲ್ಲಿ ನೋಟೀಸು ಕೊಡಬೇಕು, ಮೂವತ್ತು ದಿನ ಕಾಯಬೇಕು. ಆಮೇಲೆ ಮೂವರು ಸಾಕ್ಷಿಗಳು ರುಜು ಹಾಕಬೇಕು. ಆ ಮೂವತ್ತು ದಿನಗಳು ಬಹಳ ಕಠಿಣವಾದುವು. ಗೋಡೆಗೆ ಅಂಟಿಸಿದ ನೋಟೀಸನ್ನು ಊರೆಲ್ಲ ಓದುತ್ತದೆ, ಬೆದರಿಸುವವರು ಬರುತ್ತಾರೆ. ಸಾಕ್ಷಿಗೆ ಒಪ್ಪಿದವರು ಹಿಂದೆ ಸರಿಯುವುದೂ ಆಗಲೇ.

ನಾವು ಹೇಳಿದ ಆ ಹುಡುಗಿ ತನ್ನ ಹುಡುಗನ ಜೊತೆ ಹೋಗಿ ನೋಟೀಸು ಕೊಡಲು ತೀರ್ಮಾನಿಸಿದ್ದಾಳೆ. ಅವಳು ಯಾರ ಅಪ್ಪಣೆಯನ್ನೂ ಕೇಳಿಲ್ಲ. ಕೇಳಬೇಕಾಗಿಯೂ ಇಲ್ಲ. ಅವಳು ನಮ್ಮನ್ನು ಕೇಳಿದ್ದು ಮೂರು ರುಜು. ಎರಡು ಸಿಕ್ಕಿವೆ: ಒಂದು ನಮ್ಮ ಕೂಟದ್ದು, ಒಂದು ಆ ಬಟ್ಟೆ ಅಂಗಡಿಯವರದು. ಮೂರನೆಯದಕ್ಕೆ ನಾವು ಯಾರ ಹೆಸರನ್ನೂ ಇನ್ನೂ ಬರೆದಿಲ್ಲ. ಸಭೆ ಮುಗಿದ ಮೇಲೆ ಬಾಗಿಲ ಬಳಿ ನಿಂತಿರುತ್ತೇವೆ. ಮನಸ್ಸಿದ್ದವರು ಬಂದು ಹೇಳಿರಿ.